ಕಾರಿನಲ್ಲಿ ಜಿಪಿಎಸ್ ಸಾಧನದ ಅಳವಡಿಕೆ

ಕಾರಿನಲ್ಲಿ ಜಿಪಿಎಸ್ ಸಾಧನದ ಅಳವಡಿಕೆ ಎಂದರೆ, ಉಪಗ್ರಹಗಳ ಸಂಕೇತವನ್ನು ಆಧರಿಸಿ ದಾರಿ ತೋರಿಸುವ ಕೈಯಳತೆಯ ಸಾಧನವನ್ನು, ಇಲ್ಲವೇ ಅದೇ ಕೆಲಸವನ್ನು ಮಾಡುವ ಮೊಬೈಲ್ ಫೋನನ್ನು, ಕಾರಿನ ಒಳಭಾಗದಲ್ಲಿ ಭದ್ರವಾಗಿ ಕೂರಿಸಿ ಅದಕ್ಕೆ ವಿದ್ಯುತ್ ಒದಗಿಸುವ ಕ್ರಮವಾಗಿದೆ. ಅಳವಡಿಸಿದ ಸಾಧನವು ಚಾಲಕನ ನೋಟಕ್ಕೆ ಅಡ್ಡ ಬರಬಾರದು, ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗದಲ್ಲಿ ಇರಬಾರದು, ಅದರ ತಂತಿಯು ಗೇರ್, ಸ್ಟೇರಿಂಗ್ ಮತ್ತು ಪೆಡಲ್‌ಗಳಿಗೆ ಸಿಕ್ಕಿಕೊಳ್ಳಬಾರದು. ಈ ಮೂರು ನಿಯಮಗಳನ್ನು ಪಾಲಿಸಿದ ಅಳವಡಿಕೆಯು ಅಂದವಾಗಿಯೂ ಇರುತ್ತದೆ, ಸುರಕ್ಷಿತವಾಗಿಯೂ ಇರುತ್ತದೆ.

ಈ ಲೇಖನವು ಅಳವಡಿಕೆಯ ಸಾಮಾನ್ಯ ತತ್ತ್ವಗಳನ್ನು ವಿವರಿಸುತ್ತದೆ. ಜೊತೆಗೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದ ಬಿಸಿಲು, ಧೂಳು, ಕಬ್ಬಿನ ಸಾಗಾಟ ಹಾಗೂ ನದಿ ಪ್ರವಾಹಗಳಿಗೆ ಸಂಬಂಧಿಸಿದ ವಿಶೇಷ ಅಂಶಗಳನ್ನೂ ಒಳಗೊಂಡಿದೆ.

ಕಾರ್ಯವಿಧಾನ

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದು ಉಪಗ್ರಹವೂ ತಾನಿರುವ ಸ್ಥಾನವನ್ನೂ ಸಂಕೇತ ಹೊರಟ ನಿಖರ ಸಮಯವನ್ನೂ ಬಿತ್ತರಿಸುತ್ತಿರುತ್ತದೆ. ಕಾರಿನಲ್ಲಿರುವ ಸಾಧನವು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತವನ್ನು ಹಿಡಿದು, ಅವು ತಲುಪಲು ತೆಗೆದುಕೊಂಡ ಸಮಯದಿಂದ ದೂರವನ್ನು ಲೆಕ್ಕಹಾಕಿ ತಾನಿರುವ ಜಾಗವನ್ನು ಗುರುತಿಸುತ್ತದೆ. ಸಾಧನವು ಏನನ್ನೂ ಉಪಗ್ರಹಕ್ಕೆ ಕಳುಹಿಸುವುದಿಲ್ಲ. ಅದು ಕೇವಲ ಕೇಳುಗ.

ಭೂಮಿಯನ್ನು ತಲುಪುವ ಹೊತ್ತಿಗೆ ಈ ಸಂಕೇತವು ಬಹಳ ಕ್ಷೀಣವಾಗಿರುತ್ತದೆ. ಗಾಜು ಮತ್ತು ಪ್ಲಾಸ್ಟಿಕ್ಕನ್ನು ಅದು ದಾಟಬಲ್ಲದು, ಲೋಹದ ಹಾಳೆಯನ್ನು ದಾಟಲಾರದು. ಆದುದರಿಂದ ಕಾರಿನ ಕಬ್ಬಿಣದ ಛಾವಣಿಯ ಕೆಳಗೆ, ಸೀಟುಗಳ ನಡುವೆ ಆಳದಲ್ಲಿ ಇಟ್ಟ ಸಾಧನಕ್ಕಿಂತ ಮುಂಗಾಜಿನ ಸಮೀಪದಲ್ಲಿ ಆಕಾಶಕ್ಕೆ ತೆರೆದುಕೊಂಡಿರುವ ಸಾಧನವು ಬೇಗ ಸ್ಥಾನವನ್ನು ಗುರುತಿಸುತ್ತದೆ. ಕೆಲವು ಕಾರುಗಳ ಗಾಜಿಗೆ ಬಿಸಿಲ ತಾಪ ತಡೆಯಲು ತೆಳುವಾದ ಲೋಹದ ಲೇಪ ಇರುತ್ತದೆ. ಅಂಥ ಗಾಜಿನ ಹಿಂದೆ ಸಂಕೇತ ಇನ್ನಷ್ಟು ಕುಗ್ಗುವುದರಿಂದ ಹೊರಗೆ ಪ್ರತ್ಯೇಕ ಆಂಟೆನಾ ಬೇಕಾಗಬಹುದು.

ಬಹುಕಾಲ ಬಳಸದೆ ಇಟ್ಟ ಸಾಧನವು ಮೊದಲ ಬಾರಿ ಸ್ಥಾನ ಗುರುತಿಸಲು ತಡಮಾಡುತ್ತದೆ. ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿಯನ್ನು ಪೂರ್ತಿಯಾಗಿ ಪಡೆಯಲು 12.5 ನಿಮಿಷ ಬೇಕಾಗುವುದೇ ಇದಕ್ಕೆ ಕಾರಣ. ಮೊಬೈಲ್ ಫೋನುಗಳು ಈ ಮಾಹಿತಿಯನ್ನು ಅಂತರಜಾಲದ ಮೂಲಕ ಮೊದಲೇ ಪಡೆಯುವುದರಿಂದ ಕೆಲವೇ ಕ್ಷಣಗಳಲ್ಲಿ ಸಿದ್ಧವಾಗುತ್ತವೆ.

ಇತಿಹಾಸ

ಅಮೆರಿಕದ ರಕ್ಷಣಾ ಇಲಾಖೆಯು ಜಿಪಿಎಸ್ ಯೋಜನೆಯನ್ನು 1973ರಲ್ಲಿ ಆರಂಭಿಸಿತು. ಮೊದಲ ಉಪಗ್ರಹ 1978ರಲ್ಲಿ ಹಾರಿತು; 1995ರಲ್ಲಿ ವ್ಯವಸ್ಥೆಯು ಪೂರ್ಣ ಬಳಕೆಗೆ ಸಿದ್ಧವಾಯಿತು. ಸಾರ್ವಜನಿಕರಿಗೆ ದೊರೆಯುವ ಸಂಕೇತದ ನಿಖರತೆಯನ್ನು ಬೇಕೆಂದೇ ತಗ್ಗಿಸುವ ಪದ್ಧತಿಯನ್ನು 2000ದ ಮೇ ಆರಂಭದಲ್ಲಿ ಕೈಬಿಡಲಾಯಿತು. ಅಲ್ಲಿಯವರೆಗೆ ಸುಮಾರು 100 ಮೀಟರಿನಷ್ಟು ತಪ್ಪುತ್ತಿದ್ದ ಸಾಧನಗಳು ಆ ಬಳಿಕ ಯಾವ ರಸ್ತೆಯಲ್ಲಿ ವಾಹನವಿದೆ ಎಂಬುದನ್ನು ನಂಬಿಕೆಯಿಂದ ಹೇಳಬಲ್ಲವಾದವು.

ಕಾರಿನಲ್ಲಿ ದಾರಿ ತೋರಿಸುವ ಯಂತ್ರದ ಪ್ರಯತ್ನ ಜಿಪಿಎಸ್‌ಗಿಂತ ಹಳೆಯದು. ಜಪಾನಿನ ಹೋಂಡಾ ಸಂಸ್ಥೆಯು 1981ರಲ್ಲಿ ಹೊರತಂದ ಉಪಕರಣವು ಉಪಗ್ರಹಗಳ ನೆರವಿಲ್ಲದೆ, ವಾಹನದ ತಿರುವು ಮತ್ತು ಕ್ರಮಿಸಿದ ದೂರವನ್ನು ಅಳೆದು ಪಾರದರ್ಶಕ ನಕ್ಷೆಯ ಮೇಲೆ ಗುರುತು ತೋರಿಸುತ್ತಿತ್ತು. ಜಿಪಿಎಸ್ ಒಳಗೊಂಡ ಕಾರು 1990ರಲ್ಲಿ ಜಪಾನಿನ ಮಾಜ್ದಾ ಸಂಸ್ಥೆಯಿಂದ ಬಂದಿತು. ಬಿಚ್ಚಿ ಬೇರೆ ಕಾರಿಗೆ ಒಯ್ಯಬಹುದಾದ ಸಾಧನಗಳಲ್ಲಿ ಗಾರ್ಮಿನ್ ಸಂಸ್ಥೆಯ ಸ್ಟ್ರೀಟ್‌ಪೈಲಟ್ (1998) ಮತ್ತು ಟಾಮ್‌ಟಾಮ್ ಸಂಸ್ಥೆಯ ಗೋ (2004) ಹೆಸರಾದವು. ಭಾರತದಲ್ಲಿ 2000ದ ದಶಕದ ಉತ್ತರಾರ್ಧದಲ್ಲಿ ಮ್ಯಾಪ್‌ಮೈಇಂಡಿಯಾ ಮುಂತಾದ ಸಂಸ್ಥೆಗಳ ಸಾಧನಗಳು ಮಾರುಕಟ್ಟೆಗೆ ಬಂದವು. ಮೊಬೈಲ್ ಫೋನುಗಳು ವ್ಯಾಪಕವಾದ ಮೇಲೆ ಪ್ರತ್ಯೇಕ ಸಾಧನದ ಬೇಡಿಕೆ ತಗ್ಗಿತು. ಗೂಗಲ್ ಮ್ಯಾಪ್ಸ್ 2018ರಲ್ಲಿ ಕನ್ನಡದಲ್ಲಿಯೂ ಧ್ವನಿಯ ಮೂಲಕ ದಾರಿ ಹೇಳತೊಡಗಿತು.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು (ಇಸ್ರೊ) ರೂಪಿಸಿದ ಸ್ವದೇಶಿ ವ್ಯವಸ್ಥೆಯ ಹೆಸರು ನಾವಿಕ್. ಇದರ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು ಹಾರಿಸಲಾಯಿತು. 2016ರ ಏಪ್ರಿಲ್‌ನಲ್ಲಿ ಏಳನೆಯ ಉಪಗ್ರಹ ಕಕ್ಷೆ ಸೇರಿದ ಮೇಲೆ ನಾವಿಕ್ ಎಂಬ ಹೆಸರನ್ನು ಇಡಲಾಯಿತು. ಇದರ ಸಂಚಾರ ನಿರ್ದೇಶನ ಕೇಂದ್ರವು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ಹಾಸನದಲ್ಲಿರುವ ಮುಖ್ಯ ನಿಯಂತ್ರಣ ಕೇಂದ್ರವೂ ಉಪಗ್ರಹಗಳ ನಿರ್ವಹಣೆಯಲ್ಲಿ ಪಾಲ್ಗೊಳ್ಳುತ್ತದೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹವು, ಸಾಮಾನ್ಯ ಗ್ರಾಹಕ ಸಾಧನಗಳು ಬಳಸುವ ಎಲ್1 ತರಂಗಪಟ್ಟಿಯಲ್ಲಿಯೂ ಸಂಕೇತ ಕಳುಹಿಸುತ್ತದೆ. ಹಳೆಯ ಜಿಪಿಎಸ್ ಸಾಧನಗಳು ನಾವಿಕ್ ಸಂಕೇತವನ್ನು ಹಿಡಿಯಲಾರವು. ಅದಕ್ಕೆ ತಕ್ಕ ಗ್ರಾಹಕ ಚಿಪ್ ಇರುವ ಹೊಸ ಸಾಧನ ಅಥವಾ ಫೋನ್ ಬೇಕು.

ಸ್ಥಳದ ಆಯ್ಕೆ

ಅಳವಡಿಕೆಯಲ್ಲಿ ಅತ್ಯಂತ ಮುಖ್ಯವಾದ ನಿರ್ಧಾರ ಸಾಧನವನ್ನು ಎಲ್ಲಿ ಇಡಬೇಕೆಂಬುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಕಾರು ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಚಾಲಕನು ಎರಡು ಸೆಕೆಂಡು ಪರದೆಯ ಕಡೆ ನೋಡಿದರೆ ಕಾರು 33 ಮೀಟರಿನಷ್ಟು ದೂರವನ್ನು ನೋಟವಿಲ್ಲದೆ ದಾಟಿರುತ್ತದೆ. ತಲೆ ತಿರುಗಿಸದೆ, ಕಣ್ಣನ್ನಷ್ಟೇ ಹೊರಳಿಸಿ ನೋಡಬಹುದಾದ ಜಾಗವು ಈ ಅವಧಿಯನ್ನು ಕಡಿಮೆ ಮಾಡುತ್ತದೆ. ಆದರೆ ಅದೇ ಸಾಧನವು ರಸ್ತೆಯನ್ನು ಮರೆಮಾಡುವಷ್ಟು ಎತ್ತರದಲ್ಲಿ ಇದ್ದರೆ ಲಾಭಕ್ಕಿಂತ ಹಾನಿಯೇ ಹೆಚ್ಚು.

ಭಾರತದಲ್ಲಿ ಸ್ಟೇರಿಂಗ್ ಬಲಗಡೆ ಇರುವುದರಿಂದ ಸಾಮಾನ್ಯವಾಗಿ ಮೂರು ಸ್ಥಳಗಳು ಬಳಕೆಯಲ್ಲಿವೆ.

ಡ್ಯಾಶ್‌ಬೋರ್ಡಿನ ನಡುಭಾಗ: ಸ್ಟೇರಿಂಗ್‌ನ ಎಡಕ್ಕೆ, ಗಾಳಿಯ ಕಿಂಡಿಗಳ ಮೇಲಿನ ಜಾಗ. ಎಡಗೈಗೆ ಸುಲಭವಾಗಿ ಎಟಕುತ್ತದೆ, ವಿದ್ಯುತ್ ಸಾಕೆಟ್ ಹತ್ತಿರದಲ್ಲಿರುತ್ತದೆ. ಸಾಧನದ ಮೇಲಂಚು ಡ್ಯಾಶ್‌ಬೋರ್ಡಿನ ಅಂಚಿಗಿಂತ ಹೆಚ್ಚು ಮೇಲೇಳದಂತೆ ನೋಡಿಕೊಂಡರೆ ಇದು ಅತ್ಯುತ್ತಮ ಸ್ಥಳ.

ಮುಂಗಾಜಿನ ಕೆಳಭಾಗ: ಸಂಕೇತ ಚೆನ್ನಾಗಿ ಸಿಗುತ್ತದೆ. ಆದರೆ ಬಲಮೂಲೆಯಲ್ಲಿ ಇಟ್ಟಾಗ ಗಾಜಿನ ಅಂಚಿನ ಕಂಬ ಮತ್ತು ಸಾಧನ ಎರಡೂ ಸೇರಿ ದೊಡ್ಡ ಮರೆಯಾಗಿ, ಬಲಬದಿಯಿಂದ ರಸ್ತೆ ದಾಟುವವರು ಮತ್ತು ಬೈಕ್ ಸವಾರರು ಕ್ಷಣಕಾಲ ಕಾಣದೆ ಹೋಗಬಹುದು.

ಗಾಳಿಯ ಕಿಂಡಿ: ನೋಟಕ್ಕೆ ಅಡ್ಡಿಯಿಲ್ಲ, ಎ.ಸಿ.ಯ ತಂಗಾಳಿ ಸಾಧನವನ್ನು ತಣ್ಣಗಿಡುತ್ತದೆ. ಭಾರವಾದ ಸಾಧನಕ್ಕೆ ಕಿಂಡಿಯ ತೆಳುವಾದ ಪಟ್ಟಿಗಳು ಸಾಲದೆ ಮುರಿಯಬಹುದು. ಕಣ್ಣನ್ನು ರಸ್ತೆಯಿಂದ ಸ್ವಲ್ಪ ಹೆಚ್ಚು ಕೆಳಗೆ ಇಳಿಸಬೇಕಾಗುತ್ತದೆ.

ಒಳಗನ್ನಡಿಯ ಹಿಂದಿನ ಜಾಗವನ್ನು ಬಳಸಬಾರದು. ಹೊಸ ಕಾರುಗಳಲ್ಲಿ ಮಳೆಯನ್ನು ಗುರುತಿಸುವ ಸಂವೇದಕ ಮತ್ತು ಕ್ಯಾಮೆರಾ ಅಲ್ಲಿಯೇ ಇರುತ್ತವೆ.

ಏರ್‌ಬ್ಯಾಗ್ ಮತ್ತು ಸಾಧನ

ಭಾರತದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದ ಕಡ್ಡಾಯವಾಯಿತು. ಮುಂದಿನ ಎಡ ಸೀಟಿನ ಏರ್‌ಬ್ಯಾಗನ್ನು ಹೊಸ ಮಾದರಿಗಳಿಗೆ 2021ರ ಏಪ್ರಿಲ್ 1ರಿಂದ ಕಡ್ಡಾಯಗೊಳಿಸಲಾಯಿತು. ಎಡಬದಿಯ ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನ ಒಳಗೆ ಅಡಗಿರುತ್ತದೆ. ಆ ಭಾಗದಲ್ಲಿ ಮುದ್ರಿತ ಗುರುತು ಇರುತ್ತದೆ. ಅಪಘಾತವಾದಾಗ ಅದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಅವಧಿಯಲ್ಲಿ ಅತಿ ವೇಗವಾಗಿ ಉಬ್ಬುತ್ತದೆ. ಅದರ ಮೇಲೆ ಅಥವಾ ಅದರ ಹಾದಿಯಲ್ಲಿ ಕೂರಿಸಿದ ಸಾಧನವು ಕಲ್ಲಿನಂತೆ ಸಿಡಿದು, ಪಕ್ಕದಲ್ಲಿ ಕುಳಿತವರ ಮುಖಕ್ಕೆ ಬಡಿಯುತ್ತದೆ. ಆ ಸೀಟಿನಲ್ಲಿ ಹೆಚ್ಚಾಗಿ ಕೂರುವವರು ಮನೆಯವರೇ ಆದುದರಿಂದ ಈ ನಿಯಮದಲ್ಲಿ ರಿಯಾಯಿತಿ ಸಲ್ಲದು.

ಕೆಲವು ಕಾರುಗಳಲ್ಲಿ ಗಾಜಿನ ಅಂಚಿನ ಕಂಬದ ಒಳಗೂ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಇರುತ್ತದೆ. ಅಂಥ ಕಾರುಗಳಲ್ಲಿ ತಂತಿಯನ್ನು ಆ ಕಂಬದ ಮುಚ್ಚಳದೊಳಗೆ ತಳ್ಳಬಾರದು.

ಹಿಡಿಕೆಯ ವಿಧಗಳು

ಸಕ್ಷನ್ ಕಪ್ ಎಂದು ಕರೆಯುವ ರಬ್ಬರ್ ಬಟ್ಟಲು: ಒಳಗಿನ ಗಾಳಿಯನ್ನು ಹೊರದೂಡಿದಾಗ ಹೊರಗಿನ ವಾಯುಭಾರವು ಬಟ್ಟಲನ್ನು ಗಾಜಿಗೆ ಒತ್ತಿಹಿಡಿಯುತ್ತದೆ. ಗಾಜು ನುಣುಪಾಗಿ, ಶುಭ್ರವಾಗಿ ಇರಬೇಕು. ಗಾಜಿನ ಅಂಚಿನಲ್ಲಿರುವ ಕಪ್ಪು ಚುಕ್ಕೆಗಳ ಪಟ್ಟಿಯ ಮೇಲೆ ಇದು ನಿಲ್ಲುವುದಿಲ್ಲ, ಏಕೆಂದರೆ ಚುಕ್ಕೆಗಳ ನಡುವೆ ಗಾಳಿ ನುಸುಳುತ್ತದೆ.

ಅಂಟುವ ತಟ್ಟೆ: ಎರಡೂ ಬದಿಗೆ ಅಂಟಿರುವ ಟೇಪಿನಿಂದ ಡ್ಯಾಶ್‌ಬೋರ್ಡಿನ ಮೇಲೆ ತಟ್ಟೆಯನ್ನು ಕೂರಿಸಿ, ಅದರ ಮೇಲೆ ಬಟ್ಟಲನ್ನು ಒತ್ತುತ್ತಾರೆ. ಭದ್ರವಾದರೂ ಬಿಚ್ಚಿದಾಗ ಗುರುತು ಉಳಿಯುತ್ತದೆ.

ಮರಳಿನ ಚೀಲದ ಹಿಡಿಕೆ: ತೂಕ ಮತ್ತು ಘರ್ಷಣೆಯಿಂದ ನಿಲ್ಲುತ್ತದೆ. ಯಾವ ಗುರುತೂ ಉಳಿಯದು. ಜೋರಾಗಿ ಬ್ರೇಕ್ ಹಾಕಿದಾಗ ಜಾರುವ ಸಂಭವವಿದೆ.

ಕ್ಲಿಪ್ ಮತ್ತು ಅಯಸ್ಕಾಂತದ ಹಿಡಿಕೆಗಳು: ಹಗುರವಾದ ಫೋನುಗಳಿಗೆ ಹೊಂದುತ್ತವೆ. ಅಯಸ್ಕಾಂತವು ಜಿಪಿಎಸ್ ಸಂಕೇತವನ್ನು ಕೆಡಿಸುವುದಿಲ್ಲ, ಆದರೆ ಫೋನಿನೊಳಗಿನ ದಿಕ್ಸೂಚಿಯನ್ನು ತಪ್ಪಿಸಬಹುದು. ನಿಂತ ಕಾರಿನಲ್ಲಿ ನಕ್ಷೆಯ ಬಾಣ ಬೇರೆ ದಿಕ್ಕು ತೋರುವುದಕ್ಕೆ ಇದೂ ಒಂದು ಕಾರಣ.

ಹಿಡಿಕೆಯ ತೋಳು ಗಿಡ್ಡದಾಗಿದ್ದಷ್ಟೂ ಸಾಧನ ಕಡಿಮೆ ಅಲುಗಾಡುತ್ತದೆ.

ವಿದ್ಯುತ್ ಪೂರೈಕೆ ಮತ್ತು ತಂತಿ

ಕಾರಿನ ಬ್ಯಾಟರಿ 12 ವೋಲ್ಟಿನದು. ಸಾಧನಕ್ಕೆ ಬೇಕಾದದ್ದು 5 ವೋಲ್ಟ್. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಚಾರ್ಜರ್ ಈ ಪರಿವರ್ತನೆಯನ್ನು ಮಾಡುತ್ತದೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಸಾಕೆಟ್ಟಿನಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಕೀ ತೆಗೆದು ಚಾರ್ಜರಿನ ದೀಪ ಆರುತ್ತದೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ. ಆರದಿದ್ದರೆ ಕಾರು ನಿಲ್ಲಿಸುವಾಗ ಚಾರ್ಜರನ್ನು ಕಿತ್ತಿಡಬೇಕು. ಇಲ್ಲವಾದರೆ ಹಲವು ದಿನ ನಿಂತ ಕಾರಿನ ಬ್ಯಾಟರಿ ಇಳಿದುಹೋಗಬಹುದು.

ತಂತಿ ಕಾಣದಂತೆ ಅಳವಡಿಸಬಯಸುವವರು ಫ್ಯೂಸ್ ಪೆಟ್ಟಿಗೆಯಿಂದ ನೇರವಾಗಿ ವಿದ್ಯುತ್ ಪಡೆಯುತ್ತಾರೆ. ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಫ್ಯೂಸನ್ನು ಆರಿಸಿ, ಅದಕ್ಕೆ ಕವಲು ಫ್ಯೂಸ್ ಜೋಡಿಸಿ, 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಪರಿವರ್ತಕವನ್ನು ಡ್ಯಾಶ್‌ಬೋರ್ಡಿನ ಒಳಗೆ ಕಟ್ಟುತ್ತಾರೆ. ಕವಲಿಗೆ ಸಾಮಾನ್ಯವಾಗಿ 2ರಿಂದ 3 ಆಂಪಿಯರ್ ಫ್ಯೂಸ್ ಸಾಕು. ಏರ್‌ಬ್ಯಾಗ್, ಬ್ರೇಕ್ ಮತ್ತು ಎಂಜಿನ್‌ಗೆ ಸಂಬಂಧಿಸಿದ ಫ್ಯೂಸುಗಳನ್ನು ಮುಟ್ಟಬಾರದು. ಕಾರಿನ ಮೂಲ ತಂತಿಗಳನ್ನು ಸುಲಿದು ಹೆಣೆಯುವುದರಿಂದ ಬೆಂಕಿಯ ಅಪಾಯವಿದೆ, ವಾರಂಟಿಗೂ ಧಕ್ಕೆ ಬರಬಹುದು. ಈ ಕೆಲಸವನ್ನು ಅನುಭವವುಳ್ಳ ಆಟೊ ಎಲೆಕ್ಟ್ರಿಷಿಯನ್‌ಗೆ ವಹಿಸುವುದು ಲೇಸು.

ಅಳವಡಿಕೆಯ ಕ್ರಮ

1. ಚಾಲಕನು ತಾನು ನಿತ್ಯ ಕೂರುವ ಭಂಗಿಯಲ್ಲಿ ಸೀಟನ್ನು ಹೊಂದಿಸಿ ಕೂರಬೇಕು. ಇನ್ನೊಬ್ಬರು ಸಾಧನವನ್ನು ಬೇರೆಬೇರೆ ಜಾಗಗಳಲ್ಲಿ ಹಿಡಿದು ತೋರಿಸಬೇಕು. ರಸ್ತೆ, ಬಾನೆಟ್ಟಿನ ಅಂಚು ಮತ್ತು ಎರಡೂ ಹೊರಗನ್ನಡಿಗಳು ಮರೆಯಾಗದ ಜಾಗವನ್ನು ಗುರುತಿಸಬೇಕು.
2. ಗಾಜು ಅಥವಾ ಡ್ಯಾಶ್‌ಬೋರ್ಡಿನ ಆ ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು. ಹೊಳಪು ಬರಿಸುವ ಪಾಲಿಶ್ ಹಚ್ಚಿದ ಮೇಲ್ಮೈಗೆ ಅಂಟು ಹಿಡಿಯುವುದಿಲ್ಲ.
3. ಹಿಡಿಕೆಯನ್ನು ಒತ್ತಿ ಕೂರಿಸಿ, ಸಾಧನವಿಲ್ಲದೆಯೇ ಎಳೆದು ನೋಡಬೇಕು. ಅಂಟಿನ ತಟ್ಟೆಯಾದರೆ ಒಂದು ದಿನ ಹಾಗೆಯೇ ಬಿಟ್ಟು ಬಳಿಕ ಭಾರ ಹೇರಬೇಕು.
4. ತಂತಿಯನ್ನು ಡ್ಯಾಶ್‌ಬೋರ್ಡಿನ ಸಂದಿನೊಳಗೆ ಸೇರಿಸುತ್ತ ಸಾಕೆಟ್ಟಿನವರೆಗೆ ತರಬೇಕು. ಲೋಹದ ಸ್ಕ್ರೂಡ್ರೈವರ್ ಬದಲು ಪ್ಲಾಸ್ಟಿಕ್ ಪಟ್ಟಿಯನ್ನು ಬಳಸಿದರೆ ಗೀರು ಬೀಳುವುದಿಲ್ಲ.
5. ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಎಲ್ಲ ಗೇರುಗಳನ್ನೂ ಹಾಕಿ, ಪೆಡಲ್‌ಗಳನ್ನು ಒತ್ತಿ ತಂತಿ ಎಲ್ಲಿಯೂ ಸಿಕ್ಕಿಕೊಳ್ಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಉಳಿದ ತಂತಿಯನ್ನು ಸುತ್ತಿ ಕಟ್ಟಬೇಕು.
6. ರಾತ್ರಿ ಹೊತ್ತು ಒಮ್ಮೆ ಓಡಿಸಿ ನೋಡಬೇಕು. ಪರದೆಯ ಬೆಳಕು ಗಾಜಿನಲ್ಲಿ ಪ್ರತಿಫಲಿಸಿದರೆ ಕೋನವನ್ನು ಬದಲಿಸಿ, ಬೆಳಕನ್ನು ತಗ್ಗಿಸಬೇಕು.

ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ 184ನೆಯ ಪ್ರಕರಣವು ಅಪಾಯಕಾರಿ ಚಾಲನೆಯನ್ನು ಅಪರಾಧವೆಂದು ಪರಿಗಣಿಸುತ್ತದೆ. 2019ರ ತಿದ್ದುಪಡಿಯ ಬಳಿಕ, ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಬಳಸುವುದೂ ಇದರಲ್ಲಿ ಸೇರಿದೆ. ಮೊದಲ ಅಪರಾಧಕ್ಕೆ 6 ತಿಂಗಳಿನಿಂದ 1 ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅಧಿನಿಯಮದಲ್ಲಿ ಅವಕಾಶವಿದೆ.

ದಾರಿ ನೋಡುವುದಕ್ಕೂ ಇದು ಅನ್ವಯಿಸುತ್ತದೆಯೇ ಎಂಬ ಗೊಂದಲವನ್ನು ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ತಂದು 2020ರ ಅಕ್ಟೋಬರ್ 1ರಿಂದ ಜಾರಿಗೊಳಿಸಿದ ತಿದ್ದುಪಡಿಯು ನಿವಾರಿಸಿತು. ಅದರಂತೆ, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ, ದಾರಿ ತಿಳಿಯುವ ಉದ್ದೇಶಕ್ಕೆ ಮಾತ್ರ ಇಂಥ ಸಾಧನವನ್ನು ಬಳಸಬಹುದು. ಸಾಧನವನ್ನು ಹಿಡಿಕೆಯಲ್ಲಿ ಕೂರಿಸಿ, ಹೋಗಬೇಕಾದ ಊರನ್ನು ಹೊರಡುವ ಮೊದಲೇ ನಮೂದಿಸಿ, ದಾರಿಯಲ್ಲಿ ಧ್ವನಿಯನ್ನು ಕೇಳುತ್ತ ಸಾಗುವುದು ಈ ನಿಯಮಕ್ಕೆ ಒಪ್ಪುವ ರೀತಿಯಾಗಿದೆ.

ಅದೇ ನಿಯಮಗಳ 100ನೆಯ ನಿಯಮವು ಮುಂಗಾಜು ಮತ್ತು ಹಿಂಗಾಜಿನ ಮೂಲಕ ಕನಿಷ್ಠ ಶೇ. 70ರಷ್ಟು, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ. 50ರಷ್ಟು ಬೆಳಕು ಹಾಯಬೇಕೆಂದು ಹೇಳುತ್ತದೆ. ಬಾಡಿಗೆ ಪ್ರಯಾಣಿಕ ವಾಹನಗಳಿಗೆ ಬೇಕಾದ ಸ್ಥಾನಸೂಚಕ ಸಾಧನವು ಬೇರೆಯೇ ಆದುದು. ಅದು ದಾರಿ ತೋರಿಸುವುದಿಲ್ಲ, ವಾಹನ ಎಲ್ಲಿದೆ ಎಂಬುದನ್ನು ದೂರದ ಕೇಂದ್ರಕ್ಕೆ ತಿಳಿಸುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2009ರ ಜನವರಿಯಿಂದ ಮುಂಗಾಜಿನ ಮೇಲೆ ಜಿಪಿಎಸ್ ಕೂರಿಸಲು ನಿರ್ದಿಷ್ಟ ಅಳತೆಯನ್ನೇ ನಿಗದಿಪಡಿಸಿದೆ: ಚಾಲಕನಿಂದ ದೂರದ ಕೆಳಮೂಲೆಯಲ್ಲಿ 7 ಅಂಗುಲದ ಚೌಕ, ಚಾಲಕನ ಬದಿಯ ಕೆಳಮೂಲೆಯಲ್ಲಿ 5 ಅಂಗುಲದ ಚೌಕ. ಏರ್‌ಬ್ಯಾಗಿನ ಹಾದಿಯಲ್ಲಿ ಸಾಧನ ಇರಬಾರದೆಂಬ ಷರತ್ತೂ ಅಲ್ಲಿದೆ.

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಪ್ರದೇಶದಲ್ಲಿ ಬಳಕೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಈ ಪ್ರದೇಶವು ಬಹುಮಟ್ಟಿಗೆ ಬಯಲು. ಎತ್ತರದ ಕಟ್ಟಡಗಳಾಗಲಿ ದಟ್ಟ ಕಾಡಾಗಲಿ ಇಲ್ಲದಿರುವುದರಿಂದ ಉಪಗ್ರಹ ಸಂಕೇತ ನಿರಾತಂಕವಾಗಿ ದೊರೆಯುತ್ತದೆ. ಇಲ್ಲಿನ ತೊಡಕುಗಳು ಬೇರೆ ಬಗೆಯವು.

ಬಿಸಿಲು: ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಏರುತ್ತದೆ. ಗಾಜು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಇದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಲಿಥಿಯಂ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು. ಅತಿ ಶಾಖದಲ್ಲಿ ಅವು ಉಬ್ಬಿ ಹಾಳಾಗುತ್ತವೆ. ಇಳಿಯುವಾಗ ಸಾಧನವನ್ನು ಬಿಚ್ಚಿಕೊಂಡು ಹೋಗುವುದು ಅಥವಾ ಕೈಪೆಟ್ಟಿಗೆಯಲ್ಲಿ ಇಡುವುದು ಅಗತ್ಯ. ಹಗಲಿನ ಕಾವು, ರಾತ್ರಿಯ ತಂಪಿನಿಂದ ರಬ್ಬರ್ ಬಟ್ಟಲು ಸಡಿಲಗೊಂಡು ಬೀಳುವುದೂ ಬೇಸಿಗೆಯಲ್ಲಿ ಸಾಮಾನ್ಯ.

ಧೂಳು: ಎರೆಮಣ್ಣಿನ ಸಣ್ಣ ಧೂಳು ಗಾಜಿನ ಒಳಮೈಗೂ ಕೂರುತ್ತದೆ. ವಾರಕ್ಕೊಮ್ಮೆ ಬಟ್ಟಲನ್ನು ತೆಗೆದು ತೊಳೆದು ಮತ್ತೆ ಕೂರಿಸಬೇಕು.

ಕಬ್ಬಿನ ಸಾಗಾಟ: ಕಬ್ಬು ನುರಿಸುವ ಹಂಗಾಮಿನಲ್ಲಿ, ಅಂದರೆ ಚಳಿಗಾಲದ ತಿಂಗಳುಗಳಲ್ಲಿ, ಕಾರ್ಖಾನೆಗಳ ಕಡೆಗೆ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹಗಲಿರುಳೂ ಸಾಗುತ್ತವೆ. ಹಿಂಬದಿಯ ದೀಪವಾಗಲಿ ಬೆಳಕು ಪ್ರತಿಫಲಿಸುವ ಪಟ್ಟಿಯಾಗಲಿ ಇಲ್ಲದ ಟ್ರೇಲರ್ ರಾತ್ರಿಯಲ್ಲಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಪ್ರಖರವಾಗಿ ಬೆಳಗುವ ಪರದೆಗೆ ಹೊಂದಿಕೊಂಡ ಕಣ್ಣಿಗೆ ಹೊರಗಿನ ಕತ್ತಲು ಇನ್ನಷ್ಟು ಗಾಢವಾಗುತ್ತದೆ. ಆದ್ದರಿಂದ ರಾತ್ರಿ ವಿಧಾನಕ್ಕೆ ಬದಲಿಸಿ, ಮುಂಗಾಜಿನ ಎಡಭಾಗವನ್ನು ತೆರವಾಗಿ ಇಡುವುದು ಇಲ್ಲಿ ಪ್ರಾಣ ಉಳಿಸುವ ಎಚ್ಚರಿಕೆಯಾಗಿದೆ.

ಪ್ರವಾಹ: 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಉಕ್ಕಿ ಹರಿದಾಗ ಜಿಲ್ಲೆಯ ಹಲವು ಸೇತುವೆಗಳು ಮುಳುಗಿ ಸಂಚಾರ ಕಡಿದುಹೋಯಿತು. ಸಾಧನದಲ್ಲಿ ಅಡಗಿರುವ ನಕ್ಷೆಗೆ ನೀರಿನ ಮಟ್ಟ ತಿಳಿಯದು. ಮುಳುಗಿದ ಸೇತುವೆಯನ್ನೂ ಅದು ಹತ್ತಿರದ ದಾರಿಯೆಂದೇ ತೋರಿಸುತ್ತದೆ. ಮಳೆಗಾಲದಲ್ಲಿ ಪೊಲೀಸರ ಅಡ್ಡಗಟ್ಟೆ ಮತ್ತು ಸ್ಥಳೀಯರ ಮಾತು ಪರದೆಗಿಂತ ಹೆಚ್ಚು ನಂಬಲರ್ಹ.

ಹಿನ್ನೀರು: ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬಾಗಲಕೋಟೆ ನಗರದ ಭಾಗಗಳೂ ಬೀಳಗಿ ತಾಲ್ಲೂಕಿನ ನದಿತೀರದ ಹಳ್ಳಿಗಳೂ ಸ್ಥಳಾಂತರಗೊಂಡವು. ಮೂಲ ಊರಿನ ಹೆಸರೇ ಪುನರ್ವಸತಿ ಕೇಂದ್ರಕ್ಕೂ ಉಳಿದಿರುವಲ್ಲಿ, ಹಳೆಯ ನಕ್ಷೆಯುಳ್ಳ ಸಾಧನವು ನೀರಿನ ಅಂಚಿಗೆ ದಾರಿ ತೋರಿಸಬಹುದು.

ಹೆಸರುಗಳ ಗೊಂದಲ: ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಬೀಳಗಿ ಮತ್ತು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಬಿಳಗಿ ಒಂದೇ ಆಗಿ ಕಾಣುತ್ತವೆ. ಮುಧೋಳ ಎಂಬ ಹೆಸರನ್ನೇ ಹೋಲುವ ಪಟ್ಟಣ ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲಿಯೂ ಇದೆ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಗಿ, ಬೆಳಗಾಂ ಬೆಳಗಾವಿಯಾಗಿ ಬದಲಾದವು. ಹಳೆಯ ಸಾಧನಗಳಲ್ಲಿ ಹಿಂದಿನ ಹೆಸರುಗಳನ್ನೇ ಹುಡುಕಬೇಕಾಗುತ್ತದೆ. ಊರನ್ನು ಆರಿಸುವಾಗ ಜಿಲ್ಲೆಯ ಹೆಸರನ್ನೂ ಒಟ್ಟು ದೂರವನ್ನೂ ಪರಿಶೀಲಿಸುವುದು ಒಳ್ಳೆಯದು.

ಮಿತಿಗಳು

ಎಷ್ಟೇ ಅಚ್ಚುಕಟ್ಟಾಗಿ ಅಳವಡಿಸಿದರೂ ಸಾಧನದ ಮಾತು ಅದರೊಳಗಿನ ನಕ್ಷೆಯಷ್ಟೇ ಸರಿ. ಹೊಲದ ಬಂಡಿದಾರಿಯನ್ನು ರಸ್ತೆಯೆಂದು, ಮುಚ್ಚಿದ ರಸ್ತೆಯನ್ನು ತೆರೆದದ್ದೆಂದು ಅದು ಹೇಳುವ ಸಂದರ್ಭಗಳಿವೆ. ಅಂತರಜಾಲ ದೊರೆಯದ ಕಡೆ ಫೋನು ನಕ್ಷೆಯನ್ನು ತೋರಿಸದೆ ಹೋಗಬಹುದು. ಹೊರಡುವ ಮೊದಲೇ ಆ ಭಾಗದ ನಕ್ಷೆಯನ್ನು ಫೋನಿನಲ್ಲಿ ಉಳಿಸಿಕೊಂಡಿದ್ದರೆ ಈ ತೊಂದರೆ ಇರುವುದಿಲ್ಲ. ಗಾಜಿನ ಮೇಲೆ ಉಳಿಯುವ ಬಟ್ಟಲಿನ ದುಂಡು ಗುರುತು ಒಳಗೆ ಬೆಲೆಬಾಳುವ ಸಾಧನವಿದೆಯೆಂದು ಕಳ್ಳರಿಗೆ ಸೂಚಿಸುವುದರಿಂದ, ಬಿಚ್ಚಿದ ಬಳಿಕ ಅದನ್ನು ಒರೆಸುವುದು ಕ್ಷೇಮ. ದಾರಿಯ ಬಗ್ಗೆ ಸಂದೇಹ ಬಂದಾಗ ಕಾರನ್ನು ರಸ್ತೆಬದಿಯಲ್ಲಿ ಸುರಕ್ಷಿತವಾಗಿ ನಿಲ್ಲಿಸಿದ ಮೇಲೆಯೇ ಪರದೆಯನ್ನು ಮುಟ್ಟಬೇಕು.